ಹೊಳೆದಂಡೆಯ ಮನೆ, ಮನೆಯ ಮುಂದಿನ ಅಂಗಡಿ: ನೆರೆ ವಿಮೆಯ ಆಯ್ಕೆ

ಬೀಚನಹಳ್ಳಿಯ ಬಳಿ ಕಟ್ಟಲಾಗಿರುವ ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯ 19.52 ಟಿಎಂಸಿ. ಅದರ ಜಲಾನಯನ ಪ್ರದೇಶದ ಬಹುಭಾಗ ಇರುವುದು ಕೇರಳದ ವಯನಾಡಿನಲ್ಲಿ. ಒಂದು ಲಕ್ಷ ಕ್ಯೂಸೆಕ್ ಪ್ರಮಾಣದಲ್ಲಿ ನೀರು ಹರಿದುಬಂದರೆ ಮೂರು ಗಂಟೆಯೊಳಗೆ ಒಂದು ಟಿಎಂಸಿ, ಒಂದು ದಿನದಲ್ಲಿ ಸುಮಾರು 8.64 ಟಿಎಂಸಿ ಸೇರುತ್ತದೆ. ಅಂದರೆ ಜಲಾಶಯವು ಸಂಪೂರ್ಣ ಬರಿದಾಗಿದ್ದರೂ ಅಂತಹ ಹರಿವನ್ನು ಎರಡೂಕಾಲು ದಿನಕ್ಕಿಂತ ಹೆಚ್ಚು ಕಾಲ ಹಿಡಿದಿಡಲು ಸಾಧ್ಯವಿಲ್ಲ. ಜುಲೈ ಕೊನೆಯ ವೇಳೆಗೆ ಅಣೆಕಟ್ಟೆ ಬಹುಪಾಲು ತುಂಬಿರುವುದರಿಂದ ವಯನಾಡಿನಲ್ಲಿ ಬಿದ್ದ ಮಳೆ ಬಂದಷ್ಟೂ ಹೊರಹೋಗಬೇಕು. ಸರಗೂರು, ಹುಲ್ಲಹಳ್ಳಿ, ನಂಜನಗೂಡು, ಸುತ್ತೂರುಗಳ ಹೊಳೆದಂಡೆಯ ನಿವಾಸಿಗಳಿಗೆ ದೊರೆಯುವ ಮುನ್ಸೂಚನೆಯ ಅವಧಿ ಇದರಿಂದಲೇ ಅಲ್ಪವಾಗಿರುತ್ತದೆ. ಸಾಮಾನು ಸಾಗಿಸಲು ಸಾಕಾದರೂ ವಿಮೆ ಮಾಡಿಸಲು ಆ ಕಾಲಾವಕಾಶ ಸಾಲದು.

2019ರ ಆಗಸ್ಟ್‌ನಲ್ಲಿ ಕಬಿನಿಯ ಹೊರಹರಿವು ಒಂದು ಲಕ್ಷ ಕ್ಯೂಸೆಕ್ ದಾಟಿದಾಗ ನಂಜನಗೂಡಿನ ತಗ್ಗು ಬಡಾವಣೆಗಳು ಜಲಾವೃತವಾದವು. ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ಹೆದ್ದಾರಿಯ ಸಂಚಾರ ನಿಂತಿತು. ಹಿಂದಿನ ವರ್ಷವೂ, ಅಂದರೆ 2018ರಲ್ಲಿಯೂ, ಅದೇ ಹೆದ್ದಾರಿಗೆ ನೀರು ಬಂದಿತ್ತು. 2024ರ ಜುಲೈ ಅಂತ್ಯದಲ್ಲಿ ವಯನಾಡಿನ ಭೂಕುಸಿತ ಸಂಭವಿಸಿದ ದಿನಗಳಲ್ಲಿಯೂ ಕಬಿನಿ ಉಕ್ಕಿ ಹರಿಯಿತು. ಹುಣಸೂರಿನ ಕಥೆ ಬೇರೆ. ಅಲ್ಲಿ ಅಪಾಯ ತರುವುದು ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ ಪಟ್ಟಣದ ನಡುವೆಯೇ ಹರಿಯುವ ಲಕ್ಷ್ಮಣತೀರ್ಥ. 2019ರಲ್ಲಿ ಅದು ಪಟ್ಟಣದ ಬಡಾವಣೆಗಳಿಗೆ ನುಗ್ಗಿತು. ಕೆ.ಆರ್. ನಗರದ ಹುಟ್ಟಿಗೇ ನೆರೆ ಕಾರಣ: ಕಾವೇರಿಯ ಪ್ರವಾಹಕ್ಕೆ ಸಿಕ್ಕ ಎಡತೊರೆಯ ಬದಲಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನದಿಯಿಂದ ದೂರಕ್ಕೆ ಸರಿಸಿ ಹೊಸ ಪಟ್ಟಣವನ್ನು ನಿರ್ಮಿಸಲಾಯಿತು. ಊರನ್ನೇ ಸ್ಥಳಾಂತರಿಸುವ ಕಾಲ ಈಗಿಲ್ಲ. ಇರುವ ಮನೆಗೆ, ಇರುವ ಅಂಗಡಿಗೆ ವಿಮೆಯ ಏರ್ಪಾಡು ಮಾಡಿಕೊಳ್ಳುವುದೇ ಉಳಿದಿರುವ ದಾರಿ.

ಸರ್ಕಾರದ ಪರಿಹಾರವಿದೆಯಲ್ಲ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. 2019ರಲ್ಲಿ ರಾಜ್ಯ ಸರ್ಕಾರವು ಪೂರ್ಣ ಕುಸಿದ ಮನೆಗೆ 5 ಲಕ್ಷ ರೂ., ನೀರು ನುಗ್ಗಿದ ಕುಟುಂಬಕ್ಕೆ ತುರ್ತು ನೆರವಾಗಿ 10,000 ರೂ. ಘೋಷಿಸಿದ್ದು ನಿಜ. ಆದರೆ ಅದು ಆ ವರ್ಷದ ವಿಶೇಷ ಆದೇಶ. 2022ರಿಂದ 2026ರ ಅವಧಿಗೆ ನಿಗದಿಯಾದ ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಪೂರ್ಣ ನಾಶವಾದ ಮನೆಗೆ ದೊರೆಯುವ ಮೊತ್ತ 1,20,000 ರೂ. ಮಾತ್ರ. ಅಂಗಡಿಯ ದಾಸ್ತಾನು, ಗಿರಣಿಯ ಯಂತ್ರ, ಗೋದಾಮಿನ ಗೊಬ್ಬರ ಇವುಗಳಿಗೆ ಆ ಮಾನದಂಡದಲ್ಲಿ ಪ್ರತ್ಯೇಕ ಶೀರ್ಷಿಕೆಯೇ ಇಲ್ಲ. ವರ್ತಕನ ಪಾಲಿಗೆ ಮನೆಗಿಂತ ದೊಡ್ಡ ನಷ್ಟ ಇವುಗಳಲ್ಲೇ ಆಗುತ್ತದೆಂಬುದನ್ನು ಹೇಳಬೇಕಾಗಿಲ್ಲ.

ನೆರೆ ವಿಮೆ ಎಂಬ ಪ್ರತ್ಯೇಕ ಪಾಲಿಸಿ ಇದೆಯೇ?

ಅಮೆರಿಕದಲ್ಲಿ ಸಾಮಾನ್ಯ ಗೃಹ ವಿಮೆಯಿಂದ ಪ್ರವಾಹವನ್ನು ಹೊರಗಿಟ್ಟಿರುತ್ತಾರೆ. ಅಲ್ಲಿ 1968ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಯಡಿ ಬೇರೆಯೇ ಪಾಲಿಸಿ ಪಡೆಯಬೇಕು. ಸಾಮಾನ್ಯವಾಗಿ ಹಣ ಕಟ್ಟಿದ 30 ದಿನಗಳ ನಂತರವಷ್ಟೇ ಅದು ಜಾರಿಗೆ ಬರುತ್ತದೆ. ಭಾರತದ ಪದ್ಧತಿ ಹೀಗಿಲ್ಲ. ಇಲ್ಲಿ ಪ್ರವಾಹದ ರಕ್ಷಣೆ ಅಗ್ನಿ ವಿಮೆಯ ಒಳಗೇ ಅಡಗಿದೆ. ಬೆಂಕಿಗೆಂದು ಮಾಡಿಸಿದ ಪಾಲಿಸಿ ನೀರಿಗೂ ಅನ್ವಯಿಸುತ್ತದೆಂಬುದು ಅನೇಕ ವರ್ತಕರಿಗೆ ತಿಳಿದಿಲ್ಲ. ಅನ್ವಯಿಸದಿರಬಹುದೆಂಬುದು ಇನ್ನೂ ಹೆಚ್ಚು ಮಂದಿಗೆ ತಿಳಿದಿಲ್ಲ.

ಈ ಎರಡನೆಯ ಮಾತಿಗೆ ಹಿನ್ನೆಲೆಯಿದೆ. ದರಪಟ್ಟಿಯ ಕಾಲದಿಂದ ಬಂದ ಸ್ಟಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್ ಪಾಲಿಸಿಯಲ್ಲಿ ಬಿರುಗಾಳಿ, ಚಂಡಮಾರುತ, ಪ್ರವಾಹ, ಜಲಾವೃತಿ ಇವುಗಳ ಗುಂಪನ್ನು ಎಸ್‌ಟಿಎಫ್‌ಐ ಎಂದು ಕರೆಯುವುದು ರೂಢಿ. ಪಾಲಿಸಿಯ ಆರಂಭದಲ್ಲೇ ಈ ಗುಂಪನ್ನು ಕೈಬಿಟ್ಟು ಕಂತನ್ನು ಇಳಿಸಿಕೊಳ್ಳುವ ಅವಕಾಶವಿತ್ತು. ಕೆಲವು ನೂರು ರೂಪಾಯಿಗಳ ಉಳಿತಾಯಕ್ಕಾಗಿ ಹೊಳೆದಂಡೆಯ ಕಟ್ಟಡಕ್ಕೂ ಪ್ರವಾಹ ರಕ್ಷಣೆಯನ್ನು ಬಿಟ್ಟು ಪಾಲಿಸಿ ಪಡೆದರೆ, ಅದು ಬೆಂಕಿಗೆ ಮಾತ್ರ ಉಪಯೋಗಕ್ಕೆ ಬರುವ ಕಾಗದ. ಹಳೆಯ ಪಾಲಿಸಿಯನ್ನೇ ವರ್ಷವರ್ಷವೂ ನವೀಕರಿಸಿಕೊಂಡು ಬರುತ್ತಿರುವವರು ಶೆಡ್ಯೂಲಿನಲ್ಲಿ ಎಸ್‌ಟಿಎಫ್‌ಐ ಸೇರಿದೆಯೇ, ಬಿಡಲಾಗಿದೆಯೇ ಎಂಬ ಒಂದು ಸಾಲನ್ನು ಹುಡುಕಿ ಓದುವುದು ಅತ್ಯಗತ್ಯ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಮೂರು ಮಾದರಿ ಪಾಲಿಸಿಗಳನ್ನು ಜಾರಿಗೆ ತಂದಿತು. ವಾಸದ ಮನೆಗೆ ಭಾರತ್ ಗೃಹ ರಕ್ಷಾ. ಒಂದೇ ಸ್ಥಳದಲ್ಲಿ 5 ಕೋಟಿ ರೂ. ಮೌಲ್ಯದವರೆಗಿನ ಅಂಗಡಿ, ಗೋದಾಮು, ಕಾರ್ಖಾನೆಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ; 5 ಕೋಟಿಗಿಂತ ಹೆಚ್ಚು, 50 ಕೋಟಿಯವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ಮೂರರಲ್ಲಿಯೂ ಪ್ರವಾಹ ಮತ್ತು ಜಲಾವೃತಿ ವಿಮಾ ಘಟನೆಗಳಾಗಿ ಸೇರಿವೆ. ಮೂಲ ಶರತ್ತುಗಳು ಕಂಪನಿಯಿಂದ ಕಂಪನಿಗೆ ಏಕರೂಪವಾಗಿರುವುದರಿಂದ ಹೋಲಿಸಿ ನೋಡಬೇಕಾದದ್ದು ಕಂತಿನ ದರ, ಸಮೀಪದ ಕಚೇರಿ, ಕ್ಲೇಮು ಇತ್ಯರ್ಥದ ಶಿಸ್ತು ಇವನ್ನು ಮಾತ್ರ.

ಗೃಹ ರಕ್ಷಾ: ಏನು ಸೇರುತ್ತದೆ

ಕಟ್ಟಡದ ವಿಮಾ ಮೊತ್ತವೆಂದರೆ ಮಾರುಕಟ್ಟೆಯಲ್ಲಿ ಮನೆ ಮಾರಿದರೆ ಬರುವ ಬೆಲೆಯಲ್ಲ. ನಿವೇಶನದ ಬೆಲೆ ಇದರಲ್ಲಿ ಸೇರದು. ಹೊಳೆ ಮಣ್ಣನ್ನು ಕೊಚ್ಚಿಕೊಂಡು ಹೋದರೂ ನಿವೇಶನಕ್ಕೆ ವಿಮೆಯಿಲ್ಲ. ಕಾರ್ಪೆಟ್ ವಿಸ್ತೀರ್ಣವನ್ನು ಇಂದಿನ ನಿರ್ಮಾಣ ವೆಚ್ಚದಿಂದ ಗುಣಿಸಿದಾಗ ಬರುವುದೇ ಮೊತ್ತ. ಉದಾಹರಣೆಗೆ 1,000 ಚದರಡಿಯ ಮನೆಯನ್ನು ಚದರಡಿಗೆ 2,000 ರೂ.ನಂತೆ ಮತ್ತೆ ಕಟ್ಟಬಹುದಾದರೆ ಕಟ್ಟಡದ ಮೊತ್ತ 20 ಲಕ್ಷ ರೂ. ಮನೆಯೊಳಗಿನ ಸಾಮಾನುಗಳಿಗೆ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂ.ವರೆಗೆ, ತಾನಾಗಿಯೇ ರಕ್ಷಣೆ ದೊರೆಯುತ್ತದೆ. ಈ ಉದಾಹರಣೆಯಲ್ಲಿ ಅದು 4 ಲಕ್ಷ ರೂ. ಅದಕ್ಕಿಂತ ಹೆಚ್ಚು ಬೇಕಾದವರು ಪ್ರತ್ಯೇಕವಾಗಿ ನಮೂದಿಸಿ ಪಡೆಯಬೇಕು. ಒಡವೆ, ಕಲಾಕೃತಿಗಳಂತಹ ಬೆಲೆಬಾಳುವ ವಸ್ತುಗಳಿಗೆ ಐಚ್ಛಿಕ ರಕ್ಷಣೆ ಬೇರೆ ಇದೆ. ನಗದು ಹಣ, ಚೆಕ್ಕು, ದಸ್ತಾವೇಜು ಇವು ಸಾಮಾನ್ಯವಾಗಿ ಸೇರುವುದಿಲ್ಲ. ವಾಹನಗಳೂ ಅಷ್ಟೆ, ಅಂಗಳದಲ್ಲಿ ಮುಳುಗಿದ ವಾಹನಕ್ಕೆ ಅದರದೇ ಪಾಲಿಸಿ ಬೇಕು. ಅದೂ ಥರ್ಡ್ ಪಾರ್ಟಿ ಮಾತ್ರವಾಗಿದ್ದರೆ ನೆರೆಗೆ ಒದಗದು.

ಬಾಡಿಗೆಗೆ ಇರುವವರು ಕಟ್ಟಡವನ್ನು ಬಿಟ್ಟು ಸಾಮಾನುಗಳಿಗೆ ಮಾತ್ರ ವಿಮೆ ಮಾಡಿಸಿಕೊಳ್ಳಬಹುದು. ಮನೆ ವಾಸಕ್ಕೆ ಅಯೋಗ್ಯವಾದ ಅವಧಿಯಲ್ಲಿ ಬದಲಿ ಮನೆಯ ಬಾಡಿಗೆಗೂ ಅವಕಾಶವಿದೆ. ವಿಮಾ ಘಟನೆಯ ಪರಿಣಾಮವಾಗಿ ಏಳು ದಿನಗಳೊಳಗೆ ನಡೆದ ಕಳವು ಸಹ ಸೇರುತ್ತದೆ. ಕುಟುಂಬವು ಕಾಳಜಿ ಕೇಂದ್ರದಲ್ಲಿರುವಾಗ ಬಾಗಿಲು ಮುರಿದು ಸಾಮಾನು ಸಾಗಿಸುವ ಪ್ರಸಂಗಗಳಿಗೆ ಇದು ಅನ್ವಯಿಸುವಂಥದು. ಪಾಲಿಸಿಯನ್ನು ಹತ್ತು ವರ್ಷಗಳವರೆಗೂ ಪಡೆಯಬಹುದು. ದೀರ್ಘಾವಧಿಯ ಪಾಲಿಸಿಯಲ್ಲಿ ಕಟ್ಟಡದ ಮೊತ್ತ ವರ್ಷಕ್ಕೆ ಶೇ. 10ರಂತೆ ತಾನಾಗಿಯೇ ಏರುತ್ತದೆ. ಇನ್ನೂ ಮುಖ್ಯವಾದ ಅನುಕೂಲವೆಂದರೆ ಗೃಹ ರಕ್ಷಾದಲ್ಲಿ ಕಡಿಮೆ ವಿಮೆಯ ಕಾರಣಕ್ಕೆ ಪರಿಹಾರವನ್ನು ಪ್ರಮಾಣಾನುಸಾರ ಕಡಿತಗೊಳಿಸುವ ಶರತ್ತನ್ನು ಕೈಬಿಡಲಾಗಿದೆ.

ಹುಲ್ಲು, ಸೋಗೆ, ಬಿದಿರು, ಟಾರ್ಪಾಲಿನ್‌ಗಳಿಂದಾದ ಗೋಡೆ ಅಥವಾ ಮಾಡನ್ನು ಪಾಲಿಸಿಯು ಕಚ್ಚಾ ಕಟ್ಟಡವೆಂದು ಪರಿಗಣಿಸುತ್ತದೆ. ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹಳೆಯ ಮಣ್ಣುಗೋಡೆಯ ಹೆಂಚಿನ ಮನೆಗಳು ಈ ಪಟ್ಟಿಗೆ ನೇರವಾಗಿ ಬರುವುದಿಲ್ಲವಾದರೂ, ನೆರೆಗೆ ಮೊದಲು ಕುಸಿಯುವುದು ಇಂಥ ಗೋಡೆಗಳೇ. ಆದುದರಿಂದ ಗೋಡೆ ಯಾವುದರಿಂದ ಕಟ್ಟಿದ್ದು, ಎಷ್ಟು ವರ್ಷ ಹಳೆಯದು ಎಂಬುದನ್ನು ಪ್ರಸ್ತಾವನಾ ಪತ್ರದಲ್ಲಿ ಇದ್ದುದಿದ್ದಂತೆ ಬರೆಯಬೇಕು. ಏಜೆಂಟರು ಎಲ್ಲ ಮನೆಗಳಿಗೂ ಪಕ್ಕಾ ಎಂದು ಗುರುತು ಹಾಕಿ ಸಹಿ ಪಡೆಯುವ ಅಭ್ಯಾಸ ಎಷ್ಟೇ ಸಾಮಾನ್ಯವಾಗಿದ್ದರೂ, ತಪ್ಪು ಮಾಹಿತಿಯ ಹೊಣೆ ಸಹಿ ಹಾಕಿದವರದ್ದೇ. ಹಿಂದೆ ನೀರು ನುಗ್ಗಿದ್ದರೆ ಅದನ್ನೂ ಮುಚ್ಚಿಡಬಾರದು.

ಮುಂದೆ ಅಂಗಡಿ, ಹಿಂದೆ ವಾಸ

ಈ ಲೇಖನದ ಓದುಗರಲ್ಲಿ ಅನೇಕರಿಗೆ ನಿಜವಾದ ತೊಡಕು ಎದುರಾಗುವುದು ಇಲ್ಲಿ. ತಾಲ್ಲೂಕು ಕೇಂದ್ರಗಳ ಪೇಟೆಬೀದಿಯಲ್ಲಿ ಮುಂಭಾಗ ದಿನಸಿ ಅಥವಾ ಗೊಬ್ಬರದ ಅಂಗಡಿ, ಹಿಂಭಾಗ ಅಥವಾ ಮಹಡಿಯ ಮೇಲೆ ವಾಸ ಎಂಬುದು ತಲೆಮಾರುಗಳಿಂದ ಬಂದ ರೂಢಿ. ನೀರಿಗೆ ಎರಡೂ ಒಂದೇ ಹೊಸ್ತಿಲು. ವಿಮೆಗೆ ಎರಡೂ ಬೇರೆ ಬೇರೆ ಅಪಾಯಗಳು. ಗೃಹ ರಕ್ಷಾ ವಾಸಕ್ಕೆ ಬಳಸುವ ಕಟ್ಟಡಕ್ಕೆ ಮೀಸಲಾದದ್ದು. ಅದರಲ್ಲಿನ ಸಾಮಾನು ಎಂಬ ಪದಕ್ಕೆ ಗೃಹೋಪಯೋಗಿ ವಸ್ತುಗಳೆಂದೇ ಅರ್ಥ. ನಡುಮನೆಯಲ್ಲಿ ಒಟ್ಟಿದ ಐವತ್ತು ಮೂಟೆ ಸಕ್ಕರೆ ಮನೆಯ ಸಾಮಾನಲ್ಲ, ಅದು ದಾಸ್ತಾನು. ಹಾಗೆಯೇ ಅಂಗಡಿಯ ಪಾಲಿಸಿಯಲ್ಲಿ ಹಿಂಬದಿಯ ಕೋಣೆಯ ಟಿ.ವಿ., ಬೀರು, ಮಂಚಗಳು ಬರುವುದಿಲ್ಲ.

ಇಂತಹ ಕಟ್ಟಡದವರು ಎರಡು ಪಾಲಿಸಿಗಳನ್ನು ಪಡೆದು, ಕಟ್ಟಡದ ಯಾವ ಭಾಗ, ಎಷ್ಟು ಚದರಡಿ ಯಾವ ಪಾಲಿಸಿಗೆ ಸೇರಿದ್ದು ಎಂದು ಎರಡರಲ್ಲಿಯೂ ಬರೆಸುವುದು ಸರಿಯಾದ ಮಾರ್ಗ. ಒಂದು ಸರಳ ನಕ್ಷೆಯನ್ನು ಪ್ರಸ್ತಾವನೆಗೆ ಲಗತ್ತಿಸಿ ಸ್ವೀಕೃತಿ ಪಡೆದರೆ ಮುಂದೆ ಸರ್ವೇಯರ್ ಎತ್ತುವ ಅರ್ಧ ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿದ್ಧವಿರುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಬೆಳೆಗಾರರ ಬ್ಯಾರನ್‌ಗೂ ಇದೇ ಮಾತು ಅನ್ವಯಿಸುತ್ತದೆ. ಹಿತ್ತಲಿನಲ್ಲಿದ್ದರೂ ಅದು ಮನೆಯ ಹೊರಮನೆಯಲ್ಲ, ಉತ್ಪಾದನೆಯ ಕಟ್ಟಡ. ಎಲೆ ಹದಗೊಳಿಸುವ ಕಾಲವೂ ಮಳೆಯ ಕಾಲವೂ ಒಂದರ ಮೇಲೊಂದು ಬೀಳುವುದರಿಂದ ಬ್ಯಾರನ್ ಮತ್ತು ಅದರೊಳಗಿನ ಎಲೆ ಎರಡನ್ನೂ ಹೆಸರಿಸಿ ಬರೆಸಬೇಕು.

ದಾಸ್ತಾನಿನ ಲೆಕ್ಕ

ಸೂಕ್ಷ್ಮ ಉದ್ಯಮ ಸುರಕ್ಷಾದಲ್ಲಿ ಕಡಿಮೆ ವಿಮೆಯ ರಿಯಾಯಿತಿ ಶೇ. 15ರವರೆಗೆ ಮಾತ್ರ. ನೆರೆಯ ದಿನ 20 ಲಕ್ಷ ರೂ. ಸರಕಿತ್ತು, ವಿಮೆ 17 ಲಕ್ಷಕ್ಕೆ ಇತ್ತು ಎಂದಾದರೆ ಕೊರತೆ ಶೇ. 15ರೊಳಗಿರುವುದರಿಂದ 6 ಲಕ್ಷದ ನಷ್ಟವನ್ನು ಪೂರ್ಣವಾಗಿ ಪರಿಗಣಿಸಲಾಗುತ್ತದೆ. ವಿಮೆ 12 ಲಕ್ಷಕ್ಕೆ ಮಾತ್ರ ಇದ್ದರೆ ಅದೇ 6 ಲಕ್ಷದ ನಷ್ಟಕ್ಕೆ ದೊರೆಯುವುದು ಶೇ. 60, ಅಂದರೆ 3.60 ಲಕ್ಷ ರೂ. ಅದರಲ್ಲಿಯೂ ಪಾಲಿಸಿದಾರನೇ ಭರಿಸಬೇಕಾದ ಭಾಗ ಕಳೆಯುತ್ತದೆ. ಹಳೆಯ ಅಗ್ನಿ ಪಾಲಿಸಿಯಲ್ಲಿ ಪ್ರಕೃತಿ ವಿಕೋಪದ ಕ್ಲೇಮಿಗೆ ಇದು ಶೇ. 5, ಕನಿಷ್ಠ 10,000 ರೂ. ಇರುತ್ತಿತ್ತು. ಹೊಸ ಪಾಲಿಸಿಯಲ್ಲಿ ಎಷ್ಟೆಂಬುದನ್ನು ಶೆಡ್ಯೂಲಿನಲ್ಲಿ ನೋಡಿಕೊಳ್ಳಬೇಕು.

12 ಲಕ್ಷ ಎಂಬ ಅಂಕಿ ಬರುವುದಾದರೂ ಎಲ್ಲಿಂದ? ಬಹುತೇಕ ಮಾರ್ಚ್ 31ರ ಅಢಾವೆ ಪತ್ರಿಕೆಯಿಂದ. ಗೊಬ್ಬರ, ಬಿತ್ತನೆಬೀಜದ ವ್ಯಾಪಾರಿಗೆ ಮಾರ್ಚ್ ಕೊನೆಯಲ್ಲಿ ಗೋದಾಮು ಹೆಚ್ಚುಕಡಿಮೆ ಖಾಲಿ. ಮುಂಗಾರಿಗೆಂದು ತುಂಬುವುದು ಜೂನ್, ಜುಲೈ ತಿಂಗಳಲ್ಲಿ, ಅಂದರೆ ಹೊಳೆಯೂ ತುಂಬುವ ತಿಂಗಳಲ್ಲಿ. ವರ್ಷದ ಕನಿಷ್ಠ ದಾಸ್ತಾನಿಗೆ ವಿಮೆ ಮಾಡಿಸಿ ಗರಿಷ್ಠ ದಾಸ್ತಾನಿನ ದಿನ ನಷ್ಟ ಅನುಭವಿಸುವ ಈ ಕ್ರಮ ವರ್ತಕರಲ್ಲಿ ಸರ್ವೇಸಾಮಾನ್ಯ. ಹಿಂದಿನ ಮೂರು ವರ್ಷಗಳ ಜೂನ್‌ನಿಂದ ಆಗಸ್ಟ್‌ವರೆಗಿನ ದಾಸ್ತಾನು ಪುಸ್ತಕವನ್ನು ತೆರೆದು ಅತಿ ಹೆಚ್ಚಿನ ದಿನದ ಮೌಲ್ಯವನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಪೇಟೆಯ ಅಂಗಡಿಯಲ್ಲಿ ಸ್ವಲ್ಪ, ಹೊರವಲಯದ ಗೋದಾಮಿನಲ್ಲಿ ಸ್ವಲ್ಪ ಇಡುವವರು ಫ್ಲೋಟರ್ ಆಧಾರದಲ್ಲಿ ಎಲ್ಲ ಸ್ಥಳಗಳಿಗೂ ಸೇರಿ ಒಂದೇ ಮೊತ್ತ ನಿಗದಿಪಡಿಸಿಕೊಳ್ಳಬಹುದು. ಆದರೆ ಪ್ರತಿ ಗೋದಾಮಿನ ವಿಳಾಸವೂ ಪಾಲಿಸಿಯಲ್ಲಿರಬೇಕು.

ತೆರಿಗೆಯ ಒಂದು ಅಂಶವನ್ನೂ ಇಲ್ಲಿ ಗಮನಿಸತಕ್ಕದ್ದು. ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)(ಎಚ್) ಕಲಮಿನಂತೆ ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕು. ವಿಮಾ ಮೊತ್ತವನ್ನು ತೆರಿಗೆ ಬಿಟ್ಟು ಲೆಕ್ಕ ಹಾಕಿದ್ದರೆ ಈ ಹೊರೆ ವರ್ತಕನ ಕೈಯಿಂದಲೇ ಹೋಗುತ್ತದೆ. ತೆರಿಗೆ ಸೇರಿಸಿ ವಿಮೆ ಮಾಡಿಸುವುದೋ ಬಿಟ್ಟು ಮಾಡಿಸುವುದೋ ಎಂಬುದನ್ನು ಲೆಕ್ಕ ಪರಿಶೋಧಕರೊಡನೆ ಮೊದಲೇ ತೀರ್ಮಾನಿಸಿ, ಪಾಲಿಸಿಯಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಮೇಲು. ವ್ಯಾಪಾರ ನಿಂತುದರಿಂದಾದ ಲಾಭನಷ್ಟ ಈ ಪಾಲಿಸಿಗಳ ಮೂಲ ರಕ್ಷಣೆಯಲ್ಲಿ ಸೇರುವುದಿಲ್ಲ.

ಬ್ಯಾಂಕಿನವರು ಮಾಡಿಸಿದ ವಿಮೆ

“ಬ್ಯಾಂಕಿನವರೇ ಮಾಡಿಸಿದ್ದಾರೆ” ಎಂಬ ನೆಮ್ಮದಿ ಪರೀಕ್ಷೆಗೆ ಅರ್ಹ. ಗೃಹಸಾಲದ ಜೊತೆ ಕೊಟ್ಟದ್ದು ಅನೇಕ ವೇಳೆ ಸಾಲಗಾರನ ಜೀವ ವಿಮೆಯೇ ಹೊರತು ಕಟ್ಟಡದ ವಿಮೆಯಲ್ಲ. ಕಟ್ಟಡದ್ದೇ ಆಗಿದ್ದರೂ ಮೊತ್ತವನ್ನು ಉಳಿದ ಸಾಲಕ್ಕೆ ಸರಿದೂಗಿಸಿರಬಹುದು. ದುಡಿಮೆ ಬಂಡವಾಳದ ಸಾಲಕ್ಕೆ ಅಡವಿಟ್ಟ ದಾಸ್ತಾನಿನ ಪಾಲಿಸಿಯಲ್ಲಿ ಬ್ಯಾಂಕ್ ಷರತ್ತು ಇರುವುದರಿಂದ ಪರಿಹಾರದ ಹಣ ಮೊದಲು ಸಾಲದ ಖಾತೆಗೆ ಹೋಗುತ್ತದೆ. ಮೂಲ ಪಾಲಿಸಿ ಬ್ಯಾಂಕಿನ ಕಡತದಲ್ಲೇ ಉಳಿದು, ಅದರಲ್ಲೇನಿದೆ ಎಂಬುದನ್ನು ಕಂತು ಕಟ್ಟುವವರು ಒಮ್ಮೆಯೂ ನೋಡಿರುವುದಿಲ್ಲ. ಪ್ರತಿಯನ್ನು ಕೇಳಿ ಪಡೆದು, ಗೋದಾಮಿನ ವಿಳಾಸ ಹಳೆಯದೇ ಇದೆಯೇ ಎಂದು ಮೊದಲು ನೋಡಬೇಕು.

ಯಾವಾಗ, ಹೇಗೆ

ವಿಮಾ ಕಾಯಿದೆ 1938ರ 64ವಿಬಿ ಕಲಮಿನ ಪ್ರಕಾರ ಕಂತು ಮುಂಗಡವಾಗಿ ಸಂದಾಯವಾಗದೆ ಕಂಪನಿಯು ಅಪಾಯವನ್ನು ವಹಿಸಿಕೊಳ್ಳುವಂತಿಲ್ಲ. ಕೊಟ್ಟ ಚೆಕ್ಕು ವಾಪಸಾದರೆ ರಕ್ಷಣೆಯೂ ಇಲ್ಲ. ಜಲಾಶಯದ ಗೇಟು ತೆರೆಯುವ ಪ್ರಕಟಣೆ ಹೊರಬಿದ್ದ ಮೇಲೆ ಹೊಸ ಪ್ರಸ್ತಾವನೆಯನ್ನು ಒಪ್ಪಿಕೊಳ್ಳುವ ಬಾಧ್ಯತೆ ಯಾವ ಕಂಪನಿಗೂ ಇಲ್ಲ. ಕಬಿನಿ ಪಾತ್ರದವರಿಗೆ ಮೇ ತಿಂಗಳು ಸೂಕ್ತ. ನವೀಕರಣದ ದಿನಾಂಕ ಜುಲೈ ಅಥವಾ ಆಗಸ್ಟ್‌ನಲ್ಲಿ ಬೀಳುವ ಪಾಲಿಸಿಯನ್ನು ಒಂದು ಬಾರಿ ಮುಂಚಿತವಾಗಿಯೇ ಹೊಸದಾಗಿ ಪಡೆದು ದಿನಾಂಕವನ್ನು ಹಿಂದಕ್ಕೆ ತರುವುದು ಒಳಿತು. ಒಂದೆರಡು ದಿನದ ಮರೆವು ಮಳೆಗಾಲದ ನಡುವೆಯೇ ಬಿರುಕು ತರುತ್ತದೆ.

ಪ್ರವಾಹ ಎಂದರೆ ಹೊಳೆ ಉಕ್ಕಿದ್ದು ಮಾತ್ರವೇ ಎಂಬ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ರಾಜಸ್ಥಾನದ ಜೆ.ಕೆ. ಸಿಮೆಂಟ್ ವರ್ಕ್ಸ್ ಕಾರ್ಖಾನೆಯ ಅಂಗಳದಲ್ಲಿದ್ದ ಕಲ್ಲಿದ್ದಲು 2003ರ ಭಾರೀ ಮಳೆಗೆ ಕೊಚ್ಚಿಹೋಗಿ ನಷ್ಟವಾದಾಗ, ಯಾವ ನದಿಯೂ ಉಕ್ಕಿರಲಿಲ್ಲವೆಂದು ಓರಿಯೆಂಟಲ್ ಇನ್ಶೂರೆನ್ಸ್ ಕಂಪನಿ ಕ್ಲೇಮನ್ನು ನಿರಾಕರಿಸಿತ್ತು. 2020ರ ಜನವರಿಯಲ್ಲಿ ನ್ಯಾಯಾಲಯವು, ಭಾರೀ ಮಳೆಯಿಂದ ನೀರು ನಿಂತು ಆದ ಹಾನಿಯೂ ಪ್ರವಾಹ, ಜಲಾವೃತಿಗಳ ವ್ಯಾಪ್ತಿಗೆ ಬರುತ್ತದೆಂದು ಉದ್ಯಮಿಯ ಪರವಾಗಿ ತೀರ್ಪು ನೀಡಿತು. ಚರಂಡಿ ಕಟ್ಟಿ ಬಡಾವಣೆಯ ನೀರು ಅಂಗಡಿಗೆ ನುಗ್ಗುವ ಹುಣಸೂರಿನಂತಹ ಪಟ್ಟಣಗಳಿಗೆ ಈ ತೀರ್ಪು ಬಹು ಉಪಯುಕ್ತ. ಆದರೆ ಹಳೆಯ ಸೋರಿಕೆ, ಗೋಡೆಗೆ ಕಾಲಕ್ರಮೇಣ ಏರಿದ ತೇವ ಇವನ್ನು ಇದೇ ಹೆಸರಿನಲ್ಲಿ ಸೇರಿಸಲು ಹೋದರೆ ನಿಜವಾದ ಕ್ಲೇಮೂ ಸಂಶಯಕ್ಕೆ ಗುರಿಯಾಗುತ್ತದೆ.

ನೀರು ಇಳಿದ ಮೇಲೆ

ಕಂಪನಿಗೆ ತಕ್ಷಣ ಲಿಖಿತವಾಗಿ ತಿಳಿಸಬೇಕು. ದೂರವಾಣಿಯಲ್ಲಿ ಹೇಳಿದ್ದರೂ ಇಮೇಲ್ ಅಥವಾ ಪತ್ರ ಬೇಕು. ನೀರಿನ ಮಟ್ಟ ತೋರುವ ಗೋಡೆಯ ಗುರುತನ್ನು ಸುಣ್ಣ ಬಳಿಯುವ ಮುನ್ನ ಅಳತೆಪಟ್ಟಿ ಹಿಡಿದು ಛಾಯಾಚಿತ್ರ ತೆಗೆಸಿಕೊಳ್ಳಬೇಕು. ಒದ್ದೆಯಾಗಿ ಕೊಳೆತ ಸರಕಿನ ದುರ್ವಾಸನೆಗೆ ಬೇಸತ್ತು ಸರ್ವೇಯರ್ ಬರುವ ಮೊದಲೇ ತಿಪ್ಪೆಗೆ ಹಾಕಿಸಿದರೆ ಮುಂದೆ ಪ್ರಮಾಣವನ್ನು ಸಾಬೀತುಪಡಿಸುವುದು ಕಷ್ಟ. ಪುರಸಭೆಯವರು ವಿಲೇವಾರಿಗೆ ಒತ್ತಾಯಿಸಿದರೆ ಸರ್ವೇಯರಿಗೆ ತಿಳಿಸಿ, ತೂಕ ಮಾಡಿಸಿ, ಸಾಕ್ಷಿಗಳ ಸಹಿಯೊಡನೆ ಮಹಜರು ಬರೆಸಿ ನಂತರ ಸಾಗಿಸಬೇಕು. ಉಳಿಸಬಹುದಾದ ಸರಕನ್ನು ಬೇರ್ಪಡಿಸಿ ಒಣಗಿಸುವುದು ಪಾಲಿಸಿದಾರನ ಕರ್ತವ್ಯವೆಂದೇ ಪರಿಗಣಿತವಾಗಿದೆ. ಕಂದಾಯ ಇಲಾಖೆಯವರು ಪರಿಹಾರಕ್ಕಾಗಿ ಮಾಡುವ ಮಹಜರಿನ ಪ್ರತಿ, ಆ ದಿನಗಳ ಜಲಾಶಯದ ಹೊರಹರಿವಿನ ಪ್ರಕಟಣೆ, ಪತ್ರಿಕಾ ವರದಿ ಇವು ಪೂರಕ ದಾಖಲೆಗಳು. ಖರೀದಿ ಬಿಲ್ಲು ಮತ್ತು ದಾಸ್ತಾನು ಪುಸ್ತಕ ಅಂಗಡಿಯಲ್ಲೇ ಮುಳುಗಿದರೆ ಉಳಿದದ್ದೆಲ್ಲ ವ್ಯರ್ಥವಾಗುವುದರಿಂದ, ಗಣಕಯಂತ್ರದ ಲೆಕ್ಕದ ಪ್ರತಿಯನ್ನು ವಾರಕ್ಕೊಮ್ಮೆ ಬೇರೆ ಊರಿನ ಲೆಕ್ಕ ಪರಿಶೋಧಕರಲ್ಲಿ ಇಡುವ ಪದ್ಧತಿ ಅನುಸರಣೀಯ.

ಕ್ಲೇಮು ತಿರಸ್ಕೃತವಾದರೆ ಅಥವಾ ಮೊತ್ತ ಅನ್ಯಾಯವಾಗಿ ಕಡಿತಗೊಂಡರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ಸಮಾಧಾನಕರವಲ್ಲದಿದ್ದಲ್ಲಿ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಮನೆ ಮಾಲೀಕರಿಗಷ್ಟೇ ಅಲ್ಲ, ಏಕವ್ಯಕ್ತಿ ಮಾಲೀಕತ್ವದ ಸಂಸ್ಥೆಗಳಿಗೂ ಸೂಕ್ಷ್ಮ ಉದ್ಯಮಗಳಿಗೂ ಅಲ್ಲಿ ಅವಕಾಶವಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಪರಿಹಾರದ ಮಿತಿಯನ್ನು 2023ರಲ್ಲಿ 30 ಲಕ್ಷದಿಂದ 50 ಲಕ್ಷ ರೂ.ಗೆ ಏರಿಸಲಾಗಿದೆ. ಕಂಪನಿಯು ದೂರನ್ನು ತಿರಸ್ಕರಿಸಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಅದೇ ವಿಷಯ ಗ್ರಾಹಕ ಆಯೋಗ ಅಥವಾ ನ್ಯಾಯಾಲಯದ ಮುಂದಿದ್ದರೆ ಓಂಬುಡ್ಸ್‌ಮನ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ.